ಹುಲಿಯ ಕಥೆಯೂ ವಿಶ್ವಾಸದ ಸತ್ಯವೂ

ಕಥೆ ಹೇಳಿ ಒಬ್ಬನಲ್ಲಿ ದೈವವಿಶ್ವಾಸವನ್ನು ಹುಟ್ಟಿಸಬಹುದೇ? ಹಾಗೆ ಹುಟ್ಟಿದ ವಿಶ್ವಾಸ ಸತ್ಯದ ಮೇಲೆ ನಿಂತದ್ದೋ, ಇಲ್ಲವೇ ಕಥೆಯ ಸೊಗಸಿನ ಮೇಲೆ ನಿಂತದ್ದೋ? ಇದು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಎಂದು ಕೆಲವರಿಗೆ ತೋರಬಹುದು. ಆದರೆ ಮಲಗುವ ಮುನ್ನ ಮಕ್ಕಳಿಗೆ ನೋಹನ ನಾವೆಯ ಕಥೆ ಹೇಳುವ ತಾಯಿಗೂ, ಭಾನುವಾರ ಧರ್ಮೋಪದೇಶ ಕಲಿಸುವ ಶಿಕ್ಷಕರಿಗೂ, ಬಲಿಪೀಠದ ಪಕ್ಕದಲ್ಲಿ ನಿಂತು ಪ್ರಬೋಧನೆ ನೀಡುವ ನಮ್ಮಂಥ ಗುರುಗಳಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. “ಇದು ನಿಜವಾಗಿ ನಡೆದದ್ದಾ?” ಎಂದು ಮಗು ಕಣ್ಣರಳಿಸಿ ಕೇಳಿದಾಗ ನಾವು ಏನು ಉತ್ತರ ಕೊಡುತ್ತೇವೆ?

ಈ ಪ್ರಶ್ನೆಯನ್ನು ಮತ್ತೆ ಮತ್ತೆ ನನ್ನ ಮುಂದೆ ತಂದು ನಿಲ್ಲಿಸಿದ ಪುಸ್ತಕ ಕೆನಡಾದ ಲೇಖಕ ಯಾನ್ ಮಾರ್ಟೆಲ್ ಅವರ ‘ಲೈಫ್ ಆಫ್ ಪೈ’ ಎಂಬ ಕಾದಂಬರಿ. 2001ರಲ್ಲಿ ಪ್ರಕಟವಾದ ಈ ಕೃತಿಗೆ 2002ರಲ್ಲಿ ಬೂಕರ್ ಪ್ರಶಸ್ತಿ ದೊರೆಯಿತು. 2012ರಲ್ಲಿ ಆಂಗ್ ಲೀ ಅವರು ಇದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. ನಮ್ಮ ಯುವಜನರಲ್ಲಿ ಪುಸ್ತಕ ಓದಿದವರಿಗಿಂತ ಚಿತ್ರ ನೋಡಿದವರೇ ಹೆಚ್ಚು. ದೋಣಿ, ಸಮುದ್ರ, ಹುಲಿ ಅವರ ನೆನಪಿನಲ್ಲಿವೆ. ಆದರೆ ಈ ಕಾದಂಬರಿ ಆರಂಭದಲ್ಲೇ ಒಂದು ದೊಡ್ಡ ಮಾತನ್ನಾಡುತ್ತದೆ: ಇದು ಕೇಳಿದವನು ದೇವರನ್ನು ನಂಬುವಂತೆ ಮಾಡುವ ಕಥೆ ಎಂದು. ಆ ಮಾತನ್ನು ವಿಶ್ವಾಸಿಯಾದವನು ಸುಮ್ಮನೆ ಕೇಳಿ ಬಿಡುವಂತಿಲ್ಲ. ಅದನ್ನು ಒರೆಗೆ ಹಚ್ಚಿ ನೋಡಬೇಕು.

ದೋಣಿಯಲ್ಲಿ 227 ದಿನ

ಕಥೆ ಸಂಕ್ಷೇಪವಾಗಿ ಹೀಗಿದೆ. ಪಾಂಡಿಚೇರಿಯಲ್ಲಿ ಮೃಗಾಲಯ ನಡೆಸುವ ಪಟೇಲ್ ಎಂಬವರ ಕಿರಿಯ ಮಗ ಪೈ. ಹುಟ್ಟಿನಿಂದ ಹಿಂದೂ. ಹದಿನಾಲ್ಕನೆಯ ವಯಸ್ಸಿನಲ್ಲಿ ರಜೆಗೆಂದು ಮುನ್ನಾರಿಗೆ ಹೋದಾಗ ಅಲ್ಲಿ ಫಾದರ್ ಮಾರ್ಟಿನ್ ಎಂಬ ಕಥೋಲಿಕ ಗುರುಗಳನ್ನು ಕಾಣುತ್ತಾನೆ. ಆಮೇಲೆ ಪಾಂಡಿಚೇರಿಯಲ್ಲಿ ಬ್ರೆಡ್ಡು ಬೇಯಿಸುವ ಒಬ್ಬ ಮುಸ್ಲಿಂ ಸಂತನ ಬಳಿ ನಮಾಜನ್ನು ಕಲಿಯುತ್ತಾನೆ. ಹೀಗೆ ಹುಡುಗ ಮೂರು ಧರ್ಮಗಳನ್ನೂ ಒಟ್ಟಿಗೇ ಆಚರಿಸತೊಡಗುತ್ತಾನೆ. ಕಡಲ ದಂಡೆಯ ಮೇಲೆ ಮೂರೂ ಧರ್ಮದ ಗುರುಗಳು ಅಕಸ್ಮಾತ್ತಾಗಿ ಎದುರುಬದುರಾಗಿ, ಹುಡುಗ ತಮ್ಮವನೇ ಎಂದು ಜಗಳಕ್ಕಿಳಿಯುವ ಪ್ರಸಂಗ ನಗು ತರಿಸುತ್ತದೆ. ನಗುತ್ತಲೇ ನಮ್ಮನ್ನು ಚುಚ್ಚುತ್ತದೆ ಕೂಡ.

1977ರಲ್ಲಿ ಆ ಕುಟುಂಬ ಮೃಗಾಲಯವನ್ನು ಮುಚ್ಚಿ, ಪ್ರಾಣಿಗಳ ಸಮೇತ ಹಡಗನ್ನೇರಿ ಕೆನಡಾಕ್ಕೆ ಹೊರಡುತ್ತದೆ. ಪೆಸಿಫಿಕ್ ಸಾಗರದ ನಡುವೆ ಹಡಗು ಮುಳುಗುತ್ತದೆ. ತಂದೆ, ತಾಯಿ, ಅಣ್ಣ ಎಲ್ಲರೂ ನೀರುಪಾಲು. ಹದಿನಾರರ ಪೈ ಒಂದು ದೋಣಿಯಲ್ಲಿ ಉಳಿದುಕೊಳ್ಳುತ್ತಾನೆ. ಜೊತೆಯಲ್ಲಿ ಕಾಲು ಮುರಿದ ಜೀಬ್ರಾ, ಒಂದು ಕತ್ತೆಕಿರುಬ, ಒಂದು ಒರಾಂಗುಟಾನ್, ಮತ್ತು ರಿಚರ್ಡ್ ಪಾರ್ಕರ್ ಎಂಬ ಹೆಸರಿನ ಬಂಗಾಳದ ಹುಲಿ. ಕತ್ತೆಕಿರುಬ ಜೀಬ್ರಾವನ್ನೂ ಒರಾಂಗುಟಾನನ್ನೂ ಕೊಲ್ಲುತ್ತದೆ. ಹುಲಿ ಕತ್ತೆಕಿರುಬನನ್ನು ಕೊಲ್ಲುತ್ತದೆ. ಕೊನೆಗೆ ಹುಡುಗ ಮತ್ತು ಹುಲಿ ಇಬ್ಬರೇ. ಹೀಗೆ 227 ದಿನ. ಮೆಕ್ಸಿಕೋದ ದಡ ಸೇರಿದಾಗ ಹುಲಿ ಒಮ್ಮೆಯೂ ಹಿಂದಿರುಗಿ ನೋಡದೆ ಕಾಡಿಗೆ ಇಳಿದು ಮರೆಯಾಗುತ್ತದೆ.

ಹಡಗು ಏಕೆ ಮುಳುಗಿತೆಂದು ವಿಚಾರಿಸಲು ಜಪಾನಿನ ಇಬ್ಬರು ಅಧಿಕಾರಿಗಳು ಆಸ್ಪತ್ರೆಗೆ ಬರುತ್ತಾರೆ. ಹುಲಿಯ ಕಥೆಯನ್ನು ಅವರು ನಂಬುವುದಿಲ್ಲ. ಆಗ ಪೈ ಮತ್ತೊಂದು ಕಥೆ ಹೇಳುತ್ತಾನೆ. ಇದರಲ್ಲಿ ಪ್ರಾಣಿಗಳಿಲ್ಲ. ದೋಣಿಯಲ್ಲಿ ನಾಲ್ವರು: ಕಾಲು ಮುರಿದ ನಾವಿಕ, ಹಡಗಿನ ಅಡುಗೆಯವನು, ಪೈಯ ತಾಯಿ, ಪೈ. ನಾವಿಕ ಸಾಯುವಂತೆ ಮಾಡಿದವನೂ, ಅವನ ಶರೀರವನ್ನು ಬಳಸಿಕೊಂಡವನೂ ಅಡುಗೆಯವನು. ಆಮೇಲೆ ಅವನು ತಾಯಿಯನ್ನು ಮಗನ ಕಣ್ಣೆದುರೇ ಕೊಲ್ಲುತ್ತಾನೆ. ಪೈ ಅಡುಗೆಯವನನ್ನು ಕೊಲ್ಲುತ್ತಾನೆ. ಅಧಿಕಾರಿಗಳಿಗೆ ಹೊಂದಿಕೆ ತಟ್ಟನೆ ಹೊಳೆಯುತ್ತದೆ: ಜೀಬ್ರಾ ಎಂದರೆ ನಾವಿಕ, ಕತ್ತೆಕಿರುಬ ಎಂದರೆ ಅಡುಗೆಯವನು, ಒರಾಂಗುಟಾನ್ ಎಂದರೆ ತಾಯಿ. ಹಾಗಾದರೆ ಹುಲಿ ಯಾರು? ಪೈಯೇ.

ಎರಡು ಕಥೆಗಳಲ್ಲಿ ಯಾವುದೂ ಹಡಗು ಮುಳುಗಿದ ಕಾರಣವನ್ನು ತಿಳಿಸುವುದಿಲ್ಲ. ಯಾವುದು ನಿಜವೆಂದು ಸಾಧಿಸುವುದಕ್ಕೂ ಸಾಧ್ಯವಿಲ್ಲ. ಯಾವ ಕಥೆ ನಿಮಗೆ ಹೆಚ್ಚು ಹಿಡಿಸಿತು ಎಂದು ಪೈ ಅವರನ್ನೇ ಕೇಳುತ್ತಾನೆ. ಪ್ರಾಣಿಗಳ ಕಥೆಯೇ ಮೇಲು ಎಂದು ಇಬ್ಬರೂ ಒಪ್ಪುತ್ತಾರೆ. ದೇವರ ವಿಷಯದಲ್ಲಿಯೂ ಹಾಗೆಯೇ ಎಂಬರ್ಥದ ಮಾತಿನೊಂದಿಗೆ ಪೈ ತನ್ನ ವಾದವನ್ನು ಮುಗಿಸುತ್ತಾನೆ.

ಮೆಚ್ಚಬೇಕಾದದ್ದು ಬಹಳವಿದೆ

ತಪ್ಪು ಹುಡುಕುವ ಮುನ್ನ ಒಳ್ಳೆಯದನ್ನು ಗುರುತಿಸುವುದು ನ್ಯಾಯ. ಮುನ್ನಾರಿನ ಫಾದರ್ ಮಾರ್ಟಿನ್ ನನಗೆ ಬಹಳ ಹತ್ತಿರದವರು. ಪರಧರ್ಮದ ಹುಡುಗನೊಬ್ಬ ಬಂದು, ದೇವರು ತನ್ನ ಮಗನನ್ನೇ ಸಾಯಲು ಏಕೆ ಬಿಟ್ಟರು ಎಂದು ಕೇಳಿದರೆ ಅವರು ಗದರಿಸುವುದಿಲ್ಲ. ಹುಡುಗನನ್ನು ಅವಸರದಿಂದ ತಮ್ಮ ಕಡೆಗೆ ಎಳೆದುಕೊಳ್ಳುವುದೂ ಇಲ್ಲ. ಚಹಾ ಬಿಸ್ಕತ್ತು ಕೊಟ್ಟು ಕೂರಿಸಿಕೊಂಡು ಮಾತನಾಡುತ್ತಾರೆ. ಹುಡುಗ ಎಷ್ಟು ಬಗೆಯಲ್ಲಿ ಕೇಳಿದರೂ ಅವರ ಉತ್ತರ ಒಂದೇ: ಪ್ರೀತಿ. ಧರ್ಮಕೇಂದ್ರದ ಕಚೇರಿಗೆ ಯಾರಾದರೂ ಅನಿರೀಕ್ಷಿತವಾಗಿ ಬಂದು ಪ್ರಶ್ನೆ ಕೇಳಿದಾಗ ಗುರುಗಳಾದವರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಆ ಕೆಲವು ಪುಟಗಳು ಸಾಕು.

ದೋಣಿಯಲ್ಲಿ ಪೈ ಪ್ರಾರ್ಥನೆಯನ್ನು ಬಿಡುವುದಿಲ್ಲ. ಗುರುಗಳಿಲ್ಲ, ಅರ್ಪಿಸಿದ ರೊಟ್ಟಿಯಿಲ್ಲ, ಆದರೂ ಒಬ್ಬನೇ ತನಗೆ ತಿಳಿದಂತೆ ಬಲಿಪೂಜೆಯ ಪ್ರಾರ್ಥನೆಗಳನ್ನು ಮಾಡುತ್ತಾನೆ. ದಿಕ್ಕು ತಿಳಿಯದಿದ್ದರೂ ನಮಾಜು ಮಾಡುತ್ತಾನೆ, ಮೂರ್ತಿಯಿಲ್ಲದೆ ಪೂಜೆ ಮಾಡುತ್ತಾನೆ. ಹುಟ್ಟಾ ಸಸ್ಯಾಹಾರಿಯಾದ ಅವನು ಮೊದಲ ಮೀನನ್ನು ಕೊಂದ ದಿನ ಅಳುತ್ತಾನೆ, ಅದಕ್ಕಾಗಿ ಪ್ರಾರ್ಥಿಸುತ್ತಾನೆ. ದಿನಕ್ಕೆ ಇಂತಿಷ್ಟು ನೀರು, ಇಂತಿಷ್ಟು ಆಹಾರ, ಇಷ್ಟು ಹೊತ್ತು ಪ್ರಾರ್ಥನೆ, ಇಷ್ಟು ಹೊತ್ತು ಹುಲಿಯ ಪಾಲನೆ ಎಂದು ವೇಳಾಪಟ್ಟಿ ಹಾಕಿಕೊಂಡು ಬದುಕುತ್ತಾನೆ. ಪ್ರಾಚೀನ ಮಠಗಳ ಸನ್ಯಾಸಿಗಳು ಕಂಡುಕೊಂಡಿದ್ದ ಸತ್ಯವೂ ಇದೇ ಅಲ್ಲವೇ? ದುಡಿಮೆಗೂ ಪ್ರಾರ್ಥನೆಗೂ ಹೊತ್ತು ಗೊತ್ತುಮಾಡಿಕೊಂಡವನ ಮನಸ್ಸು ನಿರಾಶೆಗೆ ಬೇಗನೆ ಬೀಳುವುದಿಲ್ಲ.

ಆ ಹಡಗಿನ ಹೆಸರಿನಲ್ಲಿಯೂ ಒಂದು ಅರ್ಥವಿದೆ. ಅದರ ಹೆಸರು ‘ತ್ಸಿಮ್ತ್ಸುಮ್’. ಇದು ಹೀಬ್ರೂ ಪದ. 16ನೆಯ ಶತಮಾನದ ಯೆಹೂದ್ಯ ಅನುಭಾವಿ ಐಸಾಕ್ ಲೂರಿಯಾ ಅವರ ಬೋಧನೆಯಲ್ಲಿ, ದೇವರು ಸೃಷ್ಟಿಗೆ ಎಡೆಮಾಡಿಕೊಡಲು ತಮ್ಮನ್ನೇ ಸಂಕುಚಿಸಿಕೊಂಡರು ಎಂಬ ಭಾವಕ್ಕೆ ಈ ಹೆಸರು. ಕಾದಂಬರಿಯ ಪೈ ದೊಡ್ಡವನಾದ ಮೇಲೆ ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ಮಾಡುವುದು ಇದೇ ಲೂರಿಯಾ ಅವರ ಚಿಂತನೆಯನ್ನು. ದೇವರು ಹಿಂದೆ ಸರಿದಂತೆ ತೋರುವ ಜಾಗದಲ್ಲಿಯೇ ಮನುಷ್ಯನ ಸ್ವಾತಂತ್ರ್ಯ ಆರಂಭವಾಗುತ್ತದೆ. ಕ್ರೈಸ್ತರಾದ ನಮಗೆ ಈ ಭಾವ ತೀರ ಅಪರಿಚಿತವೇನಲ್ಲ. ದೇವಪುತ್ರರು ತಮ್ಮ ಮಹಿಮೆಯನ್ನು ಬರಿದುಮಾಡಿಕೊಂಡು ದಾಸನ ರೂಪ ತಾಳಿದರೆಂದು ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದಿದ್ದಾರೆ.

ಮೂರು ಧರ್ಮಗಳನ್ನು ಒಟ್ಟಿಗೆ ಅಪ್ಪಿಕೊಳ್ಳುವ ವಿಷಯದಲ್ಲಿ ಒಂದೇ ಮಾತು. ಇತರ ಧರ್ಮಗಳಲ್ಲಿರುವ ಸತ್ಯವಾದದ್ದನ್ನೂ ಪವಿತ್ರವಾದದ್ದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟಪಡಿಸಿದೆ. ಆದರೆ ನೆರೆಮನೆಯವರನ್ನು ಗೌರವಿಸುವುದು ಬೇರೆ, ಮೂರು ಮನೆಗಳಲ್ಲಿ ಏಕಕಾಲಕ್ಕೆ ವಾಸಿಸುತ್ತೇನೆ ಎನ್ನುವುದು ಬೇರೆ. ಹುಡುಗನ ದೈವದಾಹವನ್ನು ಮೆಚ್ಚೋಣ. ಎಲ್ಲ ಧರ್ಮಗಳೂ ಒಂದೇ ಮಾತನ್ನು ಹೇಳುತ್ತವೆ ಎಂಬ ತೀರ್ಮಾನಕ್ಕೆ ಆ ದಾಹವೊಂದೇ ಆಧಾರವಾಗಲಾರದು.

‘ಚೆಂದದ ಕಥೆ’ ಎಂಬ ಅಳತೆಗೋಲು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎರಡು ಕಥೆಗಳಲ್ಲಿ ಚೆಂದದ್ದನ್ನು ಆರಿಸಿಕೊಳ್ಳಿ, ದೇವರ ವಿಷಯದಲ್ಲಿಯೂ ಹಾಗೆಯೇ ಮಾಡಿ ಎಂದರೆ ಅದನ್ನು ವಿಶ್ವಾಸ ಎನ್ನಬಹುದೇ?

ಸಂತ ತೋಮಾಸ್ ಅಕ್ವಿನಾಸರು ಕಲಿಸಿದ ಪ್ರಕಾರ ಸತ್ಯವೆಂದರೆ ಬುದ್ಧಿಯು ವಸ್ತುವಿಗೆ ಸರಿಹೊಂದುವುದು. ವಸ್ತು ಹೇಗಿದೆಯೋ ಹಾಗೆ ತಿಳಿಯುವುದು. ನನಗೆ ಹೇಗೆ ಹಿತವೋ ಹಾಗೆ ತಿಳಿಯುವುದಲ್ಲ. ಔಷಧಿ ಸಿಹಿಯಾಗಿದೆ ಎಂಬ ಕಾರಣಕ್ಕೆ ಅದು ರೋಗವನ್ನು ಗುಣಪಡಿಸುತ್ತದೆ ಎಂದು ಯಾರೂ ಹೇಳಲಾರರು. ಕೊರಿಂಥದವರಿಗೆ ಬರೆಯುವಾಗ ಸಂತ ಪೌಲರು ಈ ವಿಷಯದಲ್ಲಿ ಎಷ್ಟು ನಿಷ್ಠುರರಾಗಿದ್ದರು ನೋಡಿ. ಕ್ರಿಸ್ತರು ಪುನರುತ್ಥಾನ ಹೊಂದದೆ ಇದ್ದಿದ್ದರೆ ನಮ್ಮ ಬೋಧನೆಯೂ ವ್ಯರ್ಥ, ನಿಮ್ಮ ವಿಶ್ವಾಸವೂ ವ್ಯರ್ಥ ಎಂಬುದು ಅವರ ವಾದ. ಹಾಗಿದ್ದರೂ ಈ ಕಥೆ ಚೆನ್ನಾಗಿದೆಯಲ್ಲ, ಇಟ್ಟುಕೊಳ್ಳಿ ಎಂದು ಅವರು ಸಮಾಧಾನ ಹೇಳಲಿಲ್ಲ.

ಹೀಗಾಗಿ ಮೊದಲ ಓದಿಗೆ ನನ್ನ ಮನಸ್ಸು ಈ ಕಾದಂಬರಿಯ ಮಾತನ್ನು ಒಪ್ಪುವುದಿಲ್ಲ. ಚೆಂದವೇ ಅಳತೆಗೋಲಾದರೆ ವಿಶ್ವಾಸ ಒಂದು ಅಭಿರುಚಿಯಾಗಿ ಬಿಡುತ್ತದೆ. ಒಬ್ಬರಿಗೆ ಕಾಫಿ, ಒಬ್ಬರಿಗೆ ಚಹಾ ಎಂಬಂತೆ. ಅಭಿರುಚಿಗಾಗಿ ಯಾರೂ ಪ್ರಾಣ ಕೊಡುವುದಿಲ್ಲ. ರಕ್ತಸಾಕ್ಷಿಗಳು ಪ್ರಾಣ ಕೊಟ್ಟದ್ದು ನಿಜವೆಂದು ಬಲ್ಲದ್ದಕ್ಕಾಗಿ.

ಆದರೆ ಕಾದಂಬರಿಯ ಪಕ್ಷದಲ್ಲಿಯೂ ಒಂದು ಮಾತಿದೆ. ಅದನ್ನು ಕೇಳದೆ ತೀರ್ಪು ಕೊಡಬಾರದು. ಎರಡು ಕಥೆಗಳಲ್ಲಿಯೂ ಹಡಗು ಮುಳುಗಿದೆ, ಮನೆಯವರೆಲ್ಲ ಸತ್ತಿದ್ದಾರೆ, ಹುಡುಗ ನರಳಿದ್ದಾನೆ. ಅಧಿಕಾರಿಗಳ ಕೈಗೆ ಸಿಕ್ಕ ಸಂಗತಿಗಳು ಇಷ್ಟೇ. ಅವಕ್ಕೆ ಅರ್ಥ ಕೊಡುವುದು ಹೇಗೆ ಎಂಬುದು ಅವರ ಮುಂದಿನ ಪ್ರಶ್ನೆ. ನಮ್ಮ ಬದುಕಿನಲ್ಲಿಯೂ ಹಾಗೆಯೇ ಅಲ್ಲವೇ? ಹುಟ್ಟು, ಕಾಯಿಲೆ, ನಷ್ಟ, ಸಾವು ವಿಶ್ವಾಸಿಗೂ ಬರುತ್ತವೆ, ನಾಸ್ತಿಕನಿಗೂ ಬರುತ್ತವೆ. ಸಂಗತಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಮಾಡಿ ಯಾರೂ ದೇವರ ಬಳಿ ಬಂದದ್ದಿಲ್ಲ. 2019ರಲ್ಲಿ ಸಂತ ಪದವಿಗೇರಿದ ಕಾರ್ಡಿನಲ್ ನ್ಯೂಮನ್ ಅವರು ತಮ್ಮ 1870ರ ಗ್ರಂಥದಲ್ಲಿ ಎರಡು ಬಗೆಯ ಸಮ್ಮತಿಯನ್ನು ಬೇರ್ಪಡಿಸುತ್ತಾರೆ. ಒಂದು ಬರಿಯ ಕಲ್ಪನೆಗೆ ಬುದ್ಧಿ ಕೊಡುವ ಸಮ್ಮತಿ. ಮತ್ತೊಂದು ವಾಸ್ತವಕ್ಕೆ ಇಡೀ ಮನುಷ್ಯ ಕೊಡುವ ಸಮ್ಮತಿ. ಎರಡನೆಯದು ಹುಟ್ಟಬೇಕಾದರೆ ಚಿತ್ರಗಳು, ನೆನಪುಗಳು, ವ್ಯಕ್ತಿಗಳು, ಕಥೆಗಳು ಮನಸ್ಸನ್ನು ತಟ್ಟಬೇಕು. ‘ದೇವರು ದಯಾಮಯರು’ ಎಂಬ ವಾಕ್ಯಕ್ಕೆ ತಲೆಯಾಡಿಸುವವನು, ದುಂದುಗಾರ ಮಗನ ಸಾಮತಿಯನ್ನು ಕೇಳಿದಾಗ ತಲೆ ತಗ್ಗಿಸುತ್ತಾನೆ. ಸತ್ಯ ಅದೇ, ಆದರೆ ಕಥೆ ಅದನ್ನು ಎದೆಯವರೆಗೆ ತಂದಿದೆ.

ಆದ್ದರಿಂದ ಕಥೆ ಸತ್ಯದ ಶತ್ರುವಲ್ಲ. ಯೇಸುಸ್ವಾಮಿಯೇ ಕಥೆಗಾರರು. ಒಳ್ಳೆಯ ಸಮಾರಿತ ಯಾವ ಊರಿನವನು, ಅವನ ಹೆಸರೇನು ಎಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸಬೇಕಾದ ಅಗತ್ಯವೂ ಇರಲಿಲ್ಲ.

ನಾತಾನನ ಕಥೆ, ಪೈಯ ಕಥೆ

ಹಾಗಾದರೆ ಒಳ್ಳೆಯ ಕಥೆಯನ್ನು ಸುಳ್ಳು ಕಥೆಯಿಂದ ಬೇರ್ಪಡಿಸುವುದು ಹೇಗೆ? ಪವಿತ್ರ ಗ್ರಂಥದಲ್ಲಿ ಇದಕ್ಕೆ ಒಂದು ಉತ್ತಮ ನಿದರ್ಶನವಿದೆ. ದಾವೀದ ಅರಸ ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಕೊಲ್ಲಿಸಿದ. ಪ್ರವಾದಿ ನಾತಾನ ನೇರವಾಗಿ ಆರೋಪ ಹೊರಿಸಲಿಲ್ಲ. ಬಡವನೊಬ್ಬನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತನೊಬ್ಬ ಕಿತ್ತುಕೊಂಡ ಕಥೆ ಹೇಳಿದ. ದಾವೀದ ಕೆರಳಿ ಎದ್ದಾಗ, ಆ ಮನುಷ್ಯ ನೀನೇ ಎಂದ. ತನ್ನ ಪಾಪವನ್ನು ನೇರವಾಗಿ ನೋಡಲಾರದ ಅರಸ ಕಥೆಯ ಕನ್ನಡಿಯಲ್ಲಿ ಅದನ್ನು ಕಂಡ. ಆ ಕಥೆ ಅವನಿಗೆ ಅಡಗಲು ಜಾಗ ಕೊಡಲಿಲ್ಲ.

ಪೈಯ ಹುಲಿಯನ್ನು ಈ ಬೆಳಕಿನಲ್ಲಿ ನೋಡಿದಾಗ ಕಾದಂಬರಿಯ ಇನ್ನೊಂದು ಮುಖ ನನಗೆ ಕಾಣುತ್ತದೆ. ರಿಚರ್ಡ್ ಪಾರ್ಕರ್ ಎಂಬ ಹೆಸರೂ ಸುಮ್ಮನೆ ಬಂದದ್ದಲ್ಲ. 1884ರಲ್ಲಿ ‘ಮಿನ್ಯೊನೆಟ್’ ಎಂಬ ಇಂಗ್ಲಿಷ್ ಹಡಗು ಆಸ್ಟ್ರೇಲಿಯಾಕ್ಕೆ ಹೋಗುವಾಗ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ದೋಣಿಯಲ್ಲಿ ನಾಲ್ವರು ಉಳಿದರು. ಸುಮಾರು ಇಪ್ಪತ್ತು ದಿನಗಳ ಹಸಿವಿನ ಬಳಿಕ ಕಪ್ತಾನ ಡಡ್ಲಿ ಮತ್ತು ಅವನ ಸಹಾಯಕ ಸ್ಟೀಫನ್ಸ್ ಸೇರಿ, ನಿತ್ರಾಣನಾಗಿ ಬಿದ್ದಿದ್ದ 17ರ ಕೆಲಸದ ಹುಡುಗನನ್ನು ಕೊಂದರು. ಮೂವರೂ ಅವನ ಶರೀರವನ್ನು ತಿಂದು ಬದುಕಿದರು. ನಾಲ್ಕನೆಯ ದಿನ ಇನ್ನೊಂದು ಹಡಗು ಬಂದು ಅವರನ್ನು ರಕ್ಷಿಸಿತು. ಆ ಹುಡುಗನ ಹೆಸರು ರಿಚರ್ಡ್ ಪಾರ್ಕರ್. ಹಸಿವಿನ ಒತ್ತಡ ಕೊಲೆಗೆ ಸಮರ್ಥನೆಯಾಗಲಾರದೆಂದು ಇಂಗ್ಲೆಂಡಿನ ನ್ಯಾಯಾಲಯ ಇಬ್ಬರಿಗೂ ಮರಣದಂಡನೆ ವಿಧಿಸಿತು. ಆಮೇಲೆ ಅದನ್ನು ಆರು ತಿಂಗಳ ಸೆರೆವಾಸಕ್ಕೆ ಇಳಿಸಲಾಯಿತು. ಬಲಿಯಾದ ಹುಡುಗನ ಹೆಸರನ್ನು ಮಾರ್ಟೆಲ್ ಅವರು ಕೊಲ್ಲುವ ಹುಲಿಗೆ ಇಟ್ಟಿದ್ದಾರೆ. ಬಲಿಯಾದವನೂ ಕೊಂದವನೂ ಒಂದೇ ಹೆಸರಿನೊಳಗೆ ಸೇರಿದ್ದಾರೆ. ಪೈಯ ಸ್ಥಿತಿಯೂ ಅದೇ.

ಎರಡನೆಯ ಕಥೆಯನ್ನು ಹೇಳುವಾಗ ಪೈ ಮಾಡುತ್ತಿರುವುದು ಏನು? ಪಾಪನಿವೇದನೆಯ ಪೀಠದಲ್ಲಿ ಕುಳಿತು ಕೇಳಿ ಅಭ್ಯಾಸವಿರುವ ಯಾವ ಗುರುವಿಗೂ ಇದು ಕೂಡಲೇ ತಿಳಿಯುತ್ತದೆ. ಮನುಷ್ಯ ಮೊದಲು ಸುತ್ತುಬಳಸಿ ಹೇಳುತ್ತಾನೆ. ಬೇರೆ ಯಾರದೋ ವಿಷಯವೆಂಬಂತೆ ಆರಂಭಿಸುತ್ತಾನೆ. ಕೇಳುವವರು ತಾಳ್ಮೆಯಿಂದಿದ್ದರೆ ಕೊನೆಗೆ, ಅದು ನಾನೇ ಎನ್ನುತ್ತಾನೆ. ಹುಲಿಯ ಕಥೆಯಿಂದ ಅಡುಗೆಯವನ ಕಥೆಗೆ ಬರುವ ದಾರಿ ಇಂಥದ್ದೇ.

ಆದರೆ ಆ ಆಸ್ಪತ್ರೆಯ ಕೋಣೆಯಲ್ಲಿ ಒಂದು ಕೊರತೆ ಇದೆ. ಇಬ್ಬರು ಅಧಿಕಾರಿಗಳೂ ಕೆಟ್ಟವರಲ್ಲ, ಕೇಳಿ ಮರುಗುತ್ತಾರೆ. ಆದರೂ ಅವರು ಕೊಡಬಲ್ಲದ್ದು ಒಂದು ಅಭಿಪ್ರಾಯ ಮಾತ್ರ: ಆ ಕಥೆಗಿಂತ ಈ ಕಥೆ ಚೆಂದ. ತಾಯಿಯನ್ನು ಕಳೆದುಕೊಂಡು, ಕೈಗೆ ರಕ್ತ ಮೆತ್ತಿಕೊಂಡು ಬಂದ ಹದಿನಾರರ ಹುಡುಗನಿಗೆ ಬೇಕಾಗಿದ್ದದ್ದು ಇದೇ? ಅವನಿಗೆ ಬೇಕಾಗಿದ್ದದ್ದು ಆ ಎರಡನೆಯ ಕಥೆಯನ್ನು ಪೂರ್ತಿಯಾಗಿ ಕೇಳಿ, ಅದರಿಂದ ಮುಖ ತಿರುಗಿಸದೆ, ‘ನಿನಗೆ ಕ್ಷಮೆಯಿದೆ, ಸಮಾಧಾನದಿಂದ ಹೋಗು’ ಎನ್ನಬಲ್ಲ ಒಬ್ಬರು. ಅಂಥವರು ಅಲ್ಲಿರಲಿಲ್ಲ. ಹಾಗಾಗಿಯೇ ಅವನು ಹುಲಿಯನ್ನು ಜೀವನವಿಡೀ ಹೊತ್ತುಕೊಂಡಿದ್ದಾನೆ, ಅದು ಹಿಂದಿರುಗಿ ನೋಡದೆ ಹೋಯಿತಲ್ಲ ಎಂದು ಕೊರಗುತ್ತಾನೆ. ಕಥೆಯ ಆಯ್ಕೆ ಅವನಿಗೆ ಆಸರೆ ಕೊಟ್ಟಿತು, ಬಿಡುಗಡೆ ಕೊಡಲಿಲ್ಲ.

ಆಂಡಿಸ್ ಪರ್ವತದವರು ಹೇಳಿದ ಕಥೆ

ಇದು ಕಾದಂಬರಿ. ನಿಜ ಜೀವನದಲ್ಲಿ ಎರಡು ಕಥೆಗಳ ನಡುವೆ ಆರಿಸಬೇಕಾಗಿ ಬಂದವರೂ ಇದ್ದಾರೆ. 1972ರ ಅಕ್ಟೋಬರ್ 13ರಂದು ಉರುಗ್ವೆ ದೇಶದ ವಿಮಾನವೊಂದು ಆಂಡಿಸ್ ಪರ್ವತಗಳಲ್ಲಿ ಅಪ್ಪಳಿಸಿತು. ಅದರಲ್ಲಿದ್ದವರು 45 ಮಂದಿ. ಬಹುತೇಕರು ಮೊಂಟೆವಿಡಿಯೋದ ಕಥೋಲಿಕ ಶಾಲೆಯೊಂದರಲ್ಲಿ ಓದಿದ್ದ ರಗ್ಬಿ ಆಟಗಾರರು, ಅವರ ಗೆಳೆಯರು ಮತ್ತು ಮನೆಯವರು. ಸುತ್ತಲೂ ಹಿಮ. ಶೋಧವನ್ನು ನಿಲ್ಲಿಸಲಾಗಿದೆಯೆಂಬ ಸುದ್ದಿಯನ್ನು ಅವರು ರೇಡಿಯೋದಲ್ಲಿ ಕೇಳಿದರು. ತಿನ್ನಲು ಏನೂ ಉಳಿಯದಾಗ, ಸತ್ತ ಸಂಗಡಿಗರ ಶರೀರಗಳನ್ನು ತಿಂದು ಬದುಕುವ ಭಯಂಕರ ನಿರ್ಧಾರಕ್ಕೆ ಬಂದರು. ನಾನು ಸತ್ತರೆ ನನ್ನ ಶರೀರವನ್ನೂ ಬಳಸಿಕೊಳ್ಳಿ ಎಂದು ಒಬ್ಬರಿಗೊಬ್ಬರು ಅನುಮತಿ ಕೊಟ್ಟುಕೊಂಡರು. ರಾತ್ರಿಯ ಹೊತ್ತು ಒಟ್ಟಾಗಿ ಜಪಮಾಲೆ ಪ್ರಾರ್ಥಿಸಿದರು. ಕೊನೆಗೆ ಇಬ್ಬರು ಹತ್ತು ದಿನ ಪರ್ವತ ಹತ್ತಿಳಿದು ಚಿಲಿ ದೇಶದ ದನಗಾಹಿಯೊಬ್ಬನನ್ನು ಕಂಡರು. 72 ದಿನಗಳ ಬಳಿಕ ಬದುಕಿ ಬಂದವರು 16 ಮಂದಿ.

ಏನು ತಿಂದು ಬದುಕಿದಿರಿ ಎಂದು ಪತ್ರಿಕೆಯವರು ಕೇಳಿದಾಗ ಮೊದಲಿಗೆ ಬಂದ ಉತ್ತರ: ಗಿಣ್ಣು, ಗಿಡಮೂಲಿಕೆ. ಸತ್ತವರ ತಂದೆತಾಯಿಗಳಿಗೆ ತಾವೇ ಮೊದಲು ಹೇಳಬೇಕೆಂಬ ಕಾಳಜಿ ಅದರ ಹಿಂದಿತ್ತು. ಇದು ಕೇಳಲು ಹಿತವಾದ ಕಥೆ. ಆದರೆ ಅದೇ ಡಿಸೆಂಬರ್ 28ರಂದು ತಮ್ಮ ಶಾಲೆಯಲ್ಲಿ ಪತ್ರಿಕಾಗೋಷ್ಠಿ ಕರೆದು ಅವರು ನಡೆದದ್ದನ್ನು ನಡೆದಂತೆಯೇ ಹೇಳಿದರು. ಹೇಳುವಾಗ ಯೇಸುಸ್ವಾಮಿಯ ಕೊನೆಯ ಭೋಜನವನ್ನು ನೆನೆದರು. ತಮ್ಮ ಸಂಗಡಿಗರು ತಮಗಾಗಿ ಶರೀರವನ್ನು ಕೊಟ್ಟರೆಂಬ ಭಾವದಿಂದ ಮಾತನಾಡಿದರು.

ಪರಮಪ್ರಸಾದಕ್ಕೂ ಪರ್ವತದ ಆ ಆಹಾರಕ್ಕೂ ಇರುವ ಅಂತರ ಬಹಳ ದೊಡ್ಡದು. ದೈವಶಾಸ್ತ್ರ ಓದಿದವರು ಆ ಹೋಲಿಕೆಯನ್ನು ಹಾಗೆಯೇ ಒಪ್ಪಲಾರರು. ಆದರೆ ಜೀವ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಾಗ, ಆಗಲೇ ಸತ್ತವರ ಶರೀರವನ್ನು ಬಳಸಿದ್ದು ಪಾಪವಲ್ಲವೆಂದು ಧರ್ಮಸಭೆಯ ದೈವಶಾಸ್ತ್ರಜ್ಞರು ಅವರಿಗೆ ತಿಳಿಸಿದರು. ಮಿನ್ಯೊನೆಟ್ ದೋಣಿಯ ಕೊಲೆಗೂ ಇದಕ್ಕೂ ಇರುವ ನೈತಿಕ ವ್ಯತ್ಯಾಸ ಇಲ್ಲಿದೆ: ಅಲ್ಲಿ ಬಲಹೀನನ ಪ್ರಾಣವನ್ನು ಕಿತ್ತುಕೊಂಡರು, ಇಲ್ಲಿ ಯಾರನ್ನೂ ಕೊಲ್ಲಲಿಲ್ಲ.

ನಾನು ಗಮನಿಸಬೇಕೆನ್ನುವುದು ಇನ್ನೊಂದನ್ನು. ಆ ಯುವಕರ ವಿಶ್ವಾಸ ಸತ್ಯವನ್ನು ಮುಚ್ಚುವ ಬಟ್ಟೆಯಾಗಲಿಲ್ಲ. ಹೇಳಲಾಗದ ಸತ್ಯವನ್ನು ಹೇಳಲು ಅದೇ ಅವರಿಗೆ ಮಾತು ಕೊಟ್ಟಿತು. ಗಿಣ್ಣಿನ ಕಥೆಯನ್ನು ಬಿಟ್ಟು ನಿಜದ ಕಥೆಗೆ ಬರಲು ಅವರಿಗೆ ಧೈರ್ಯ ಬಂದದ್ದು, ಆ ನಿಜವನ್ನು ತಾಳಿಕೊಳ್ಳಬಲ್ಲಷ್ಟು ದೊಡ್ಡದಾದ ಇನ್ನೊಂದು ಕಥೆ ಅವರ ಬಳಿ ಇದ್ದುದರಿಂದ.

ನನ್ನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಇಲ್ಲಿಯೇ. ವಾಸ್ತವವನ್ನು ನೋಡದಂತೆ ನಮ್ಮ ಕಣ್ಣು ಕಟ್ಟುವ ಕಥೆ ಎಷ್ಟೇ ಚೆಂದವಿದ್ದರೂ ಅದು ವಿಶ್ವಾಸವಲ್ಲ. ವಾಸ್ತವವನ್ನು ಅದರ ಎಲ್ಲ ಕ್ರೂರತೆಯೊಂದಿಗೆ ನೋಡಿದ ಮೇಲೂ ಕುಸಿಯದೆ ನಿಲ್ಲುವ ಕಥೆಯೇ ವಿಶ್ವಾಸದ ಕಥೆ.

ಶುಭಸಂದೇಶ ಅಂಥದ್ದು. ನಾಲ್ವರು ಶುಭಸಂದೇಶಕರಲ್ಲಿ ಒಬ್ಬರೂ ಶಿಲುಬೆಯನ್ನು ಬದಿಗಿಟ್ಟು ಚೆಂದದ ಕಥೆ ಬರೆಯಲಿಲ್ಲ. ಪೇತ್ರರ ನಿರಾಕರಣೆ, ಶಿಷ್ಯರ ಪಲಾಯನ, ಗೆತ್ಸೆಮನಿಯ ಬೆವರು, ಎಲ್ಲವನ್ನೂ ಬರೆದಿಟ್ಟರು. ಎಮ್ಮಾವುಸಿನ ದಾರಿಯಲ್ಲಿ ನಡೆದ ಇಬ್ಬರು ಶಿಷ್ಯರಿಗೆ ಸಂಗತಿಗಳೆಲ್ಲವೂ ಗೊತ್ತಿದ್ದವು. ಬರಿದಾದ ಸಮಾಧಿಯ ಸುದ್ದಿಯೂ ಗೊತ್ತಿತ್ತು. ಆದರೂ ಮುಖ ಬಾಡಿತ್ತು. ಅಪರಿಚಿತರಂತೆ ಜೊತೆಗೂಡಿದ ಪ್ರಭು ಅವರಿಗೆ ಅದೇ ಸಂಗತಿಗಳನ್ನು ಮೋಶೆಯಿಂದ ಆರಂಭಿಸಿ ಮತ್ತೆ ಹೇಳಿದರು. ಹೃದಯ ಬೆಚ್ಚಗಾಯಿತು. ಆದರೆ ಪ್ರಭು ಅಷ್ಟಕ್ಕೇ ನಿಲ್ಲಿಸಲಿಲ್ಲ. ರೊಟ್ಟಿ ಮುರಿಯುವಾಗ ಅವರು ಜೀವಂತರಾಗಿ ಎದುರಿಗೇ ಇದ್ದರು. ಅರ್ಥ ಮಾತ್ರ ಬದಲಾದದ್ದಲ್ಲ, ಸತ್ತವರು ಎದ್ದಿದ್ದರು. ಎದ್ದ ಮೇಲೂ ಅವರ ಕೈಗಳಲ್ಲಿ ಗಾಯಗಳಿದ್ದವು. ಅನುಮಾನಿಸಿದ ಸಂತ ತೋಮಾಸರಿಗೆ ಅವರು ತೋರಿಸಿದ್ದು ಆ ಗಾಯಗಳನ್ನೇ. ಪೈಯ ಎರಡು ಕಥೆಗಳಲ್ಲಿ ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕು. ಶುಭ ಶುಕ್ರವಾರವನ್ನು ಬಿಟ್ಟು ಪಾಸ್ಕ ಹಬ್ಬವನ್ನು ಆರಿಸಿಕೊಳ್ಳಲು ನಮಗೆ ಬರುವುದಿಲ್ಲ.

ನಮ್ಮ ಮನೆಗಳಲ್ಲಿ

ಇದೆಲ್ಲ ನಮ್ಮ ಕುಟುಂಬಗಳಿಗೆ ಏನು ಹೇಳುತ್ತದೆ? ಸಾವಿನ ಮನೆಗೆ ಹೋದಾಗ ನಾವು ಕಥೆ ಹೇಳುತ್ತೇವೆ. ‘ದೇವರಿಗೆ ಒಳ್ಳೆಯವರೇ ಬೇಕು, ಅದಕ್ಕೇ ಕರೆದುಕೊಂಡರು’ ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಎಳೆಯ ಮಗುವನ್ನು ಕಳೆದುಕೊಂಡ ತಾಯಿಗೆ ಆ ಮಾತು, ದೇವರು ನನ್ನ ಮಗುವನ್ನು ಕದ್ದರು ಎಂದು ಕೇಳಿಸಬಹುದು. ಕುಡಿತದಿಂದ ಸತ್ತ ಮಗನನ್ನು ಎದೆನೋವಿನಿಂದ ಹೋದ ಎಂದು ಹೇಳಿಕೊಳ್ಳುವ ಮನೆಗಳಿವೆ. ಊರಿನವರ ಬಾಯಿ ಮುಚ್ಚಲು ಆ ಕಥೆ ಸಾಕು. ಆದರೆ ಅದನ್ನು ಹೇಳುತ್ತಾ ಹೇಳುತ್ತಾ, ಮಗನಿಗಾಗಿ ನಿಜವಾಗಿ ಅಳಲು ತಂದೆಗೆ ಸಾಧ್ಯವಾಗುವುದಿಲ್ಲ. ಅವನ ತಮ್ಮ ಅದೇ ದಾರಿ ಹಿಡಿದರೆ ಎಚ್ಚರಿಸಲು ಬಾಯಿಯೂ ಬರುವುದಿಲ್ಲ. ಅಂಥ ಮನೆಯಲ್ಲಿ ಹುಲಿ ಎಂದೂ ದೋಣಿಯಿಂದ ಇಳಿಯುವುದಿಲ್ಲ.

ಹಾಗೆಂದು ಎಲ್ಲ ಸತ್ಯವನ್ನು ಎಲ್ಲರ ಮುಂದೆ ಹರಡಬೇಕೆಂದು ನಾನು ಹೇಳುತ್ತಿಲ್ಲ. ಗಾಯಗೊಂಡವರು ಹುಲಿಯ ಕಥೆಯಿಂದಲೇ ಆರಂಭಿಸಲಿ, ಅವಸರ ಬೇಡ. ಆದರೆ ಪ್ರತಿ ಮನೆಯಲ್ಲಿ ಒಬ್ಬರಾದರೂ ಎರಡನೆಯ ಕಥೆಯನ್ನು ಕೇಳುವವರಿರಬೇಕು. ಮಗ ಪರೀಕ್ಷೆಯಲ್ಲಿ ಸೋತದ್ದನ್ನು, ಮಗಳು ಮನಸ್ಸಿನಲ್ಲಿ ಅಡಗಿಸಿಟ್ಟ ಭಯವನ್ನು, ಗಂಡ ಮಾಡಿಕೊಂಡ ಸಾಲವನ್ನು ಬೈಗುಳವಿಲ್ಲದೆ ಕೇಳುವ ಒಂದು ಕಿವಿ. ಮನೆಯಲ್ಲಿ ಅದಿಲ್ಲದಿದ್ದರೆ ದೇವಾಲಯದಲ್ಲಿ ಪಾಪನಿವೇದನೆಯ ಪೀಠವಿದೆ. ಅಲ್ಲಿ ಯಾರೂ ನಿಮ್ಮ ಕಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಭಿಪ್ರಾಯ ಹೇಳುವುದಿಲ್ಲ. ಕ್ರಿಸ್ತರ ಹೆಸರಿನಲ್ಲಿ ಪಾಪಕ್ಷಮೆ ಕೊಡುತ್ತಾರೆ.

ಇನ್ನು ಮಗುವಿನ ಪ್ರಶ್ನೆ. ಅದು ನಿಜವಾಗಿ ನಡೆದದ್ದೇ ಎಂದು ಕೇಳಿದರೆ ನುಣುಚಿಕೊಳ್ಳಬೇಡಿ. ಸಾಮತಿಯಾದರೆ, ಇದು ಯೇಸುಸ್ವಾಮಿ ಹೇಳಿದ ಕಥೆ, ಇದರೊಳಗೆ ಒಂದು ನಿಜವಿದೆ ಎನ್ನಿ. ಪುನರುತ್ಥಾನವಾದರೆ, ಹೌದು ಮಗು, ಇದು ನಡೆದದ್ದೇ, ಕಂಡವರು ಪ್ರಾಣ ಕೊಟ್ಟು ಸಾಕ್ಷಿ ಹೇಳಿದ್ದಾರೆ ಎನ್ನಿ. ನಿಮಗೇ ತಿಳಿಯದಿದ್ದರೆ ತಿಳಿಯದು, ಒಟ್ಟಿಗೆ ಕೇಳಿ ತಿಳಿಯೋಣ ಎನ್ನಿ. ಪ್ರಶ್ನೆ ಕೇಳಿದ ಮಗು ವಿಶ್ವಾಸ ಕಳೆದುಕೊಳ್ಳುತ್ತದೆ ಎಂದು ಹೆದರಬೇಕಾಗಿಲ್ಲ. ತಂದೆತಾಯಿ ತನಗೆ ಸುಳ್ಳು ಹೇಳುವುದಿಲ್ಲವೆಂದು ಬಲ್ಲ ಮಗುವಿಗೆ, ದೇವರೂ ಸುಳ್ಳು ಹೇಳುವವರಲ್ಲ ಎಂದು ನಂಬುವುದು ಸುಲಭ.

ಮಾರ್ಟೆಲ್ ಅವರ ಕಾದಂಬರಿಯನ್ನು ಓದಿ, ಚಿತ್ರವನ್ನು ಮನೆಮಂದಿಯೆಲ್ಲ ಕುಳಿತು ನೋಡಿ. ನೋಡಿದ ಮೇಲೆ ಯಾವ ಕಥೆ ಹಿಡಿಸಿತು ಎಂದು ಮಾತ್ರ ಕೇಳಿ ಸುಮ್ಮನಾಗಬೇಡಿ. ಆ ಹುಡುಗ ನಮ್ಮ ಮನೆಗೆ ಬಂದು ಎರಡನೆಯ ಕಥೆ ಹೇಳಿದ್ದರೆ ನಾವು ಅವನಿಗೆ ಏನು ಹೇಳುತ್ತಿದ್ದೆವು ಎಂದು ಒಬ್ಬರನ್ನೊಬ್ಬರು ಕೇಳಿ. ನಮ್ಮ ವಿಶ್ವಾಸ ಎಂಥದ್ದು ಎಂಬುದು ಆ ಉತ್ತರದಲ್ಲಿ ತಿಳಿದುಬರುತ್ತದೆ.